ಸೊರಬದಲ್ಲಿ ಸ್ಕಾಟ್ಲೆಂಡಿನ ಓಟು

ನನ್ನ ಷಡ್ಡಕರಿಗೆ ಪ್ರಪಂಚದಲ್ಲಿ ಒಂದೇ ಒಂದು ನಾಡಿನ ಮೇಲೆ ಪ್ರಾಣ. ಆ ನಾಡನ್ನು ಅವರು ನೋಡಿಲ್ಲ, ಅಲ್ಲಿಯ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ, ಭೂಪಟದಲ್ಲಿ ತೋರಿಸಿ ಅಂದರೆ ಬೆರಳು ಸೀದಾ ಸಮುದ್ರಕ್ಕೆ ಬೀಳುತ್ತದೆ! ಆದರೂ ಸೊರಬದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಈ ಮಹಾನುಭಾವರು, ಸ್ಕಾಟ್ಲೆಂಡ್ ಎಂಬ ಆ ನಾಡು ಬ್ರಿಟನ್ನಿನಿಂದ ಬೇರೆಯಾಗಲೇಬೇಕು ಎಂದು ವರ್ಷಗಟ್ಟಲೆಯಿಂದ ನನ್ನ ಜೊತೆ ಜಗಳವಾಡುತ್ತಿದ್ದಾರೆ. ಹೋಗಲಿ, ನಾನಾದರೂ ಸುಮ್ಮನಿರಬಹುದಿತ್ತಲ್ಲ? ಇಲ್ಲ. ಬೇರೆಯಾಗಕೂಡದು ಎಂದು ವಾದಿಸಲು ನಾನು ಶಿಕಾರಿಪುರದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೋಗುತ್ತೇನೆ. ಇಬ್ಬರಲ್ಲಿ ಯಾರ ತಲೆ ಹೆಚ್ಚು ಕೆಟ್ಟಿದೆ ಅನ್ನುವುದನ್ನು ನಿಮಗೇ ಬಿಟ್ಟಿದ್ದೇನೆ.

ಈ ರೋಗ ಅಂಟಿಸಿದವನು ಮಾತ್ರ ನಾನೇ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕ್ಲಾಸಿನಲ್ಲಿ ಮಕ್ಕಳು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ಹೆಂಡತಿ ಕೇಳುವುದಿಲ್ಲ. ಹಾಗಾಗಿ ಎಲ್ಲಿಯಾದರೂ ಬಿಡುವಾದ ಒಂದು ಜೊತೆ ಕಿವಿ ಕಂಡರೆ ನಾನು ಬಿಡುವ ಪೈಕಿಯಲ್ಲ. ಒಂದು ದಿನ ಷಡ್ಡಕರ ಅಂಗಡಿಯಲ್ಲಿ ಕೂತು ಪೇಪರು ಓದುತ್ತಿದ್ದಾಗ ಸ್ಕಾಟ್ಲೆಂಡಿನ ಸುದ್ದಿ ಕಣ್ಣಿಗೆ ಬಿತ್ತು. "ನೋಡಿ ಅಣ್ಣ, ಬೇರೆ ಆಗಬೇಕೋ ಬೇಡವೋ ಅಂತ ಅಲ್ಲಿಯ ಜನರನ್ನೇ ಓಟು ಹಾಕಿಸಿ ಕೇಳ್ತಾರಂತೆ" ಎಂದು ಶುರು ಮಾಡಿ, ಮುನ್ನೂರು ಚಿಲ್ಲರೆ ವರ್ಷದ ಇತಿಹಾಸವನ್ನು ಒಂದು ಲೋಟ ಚಹಾದಲ್ಲಿ ಅದ್ದಿ ಅದ್ದಿ ಕೊಟ್ಟೆ. ಕೊನೆಗೆ, "ನನ್ನ ಕೇಳಿದರೆ ಒಟ್ಟಿಗಿರುವುದೇ ವಿವೇಕ" ಎಂದು, ಲಂಡನ್ನಿನಿಂದ ಯಾರೋ ಫೋನು ಮಾಡಿ ನನ್ನ ಸಲಹೆ ಕೇಳಿದ ಗತ್ತಿನಲ್ಲಿ ತೀರ್ಪನ್ನೂ ಕೊಟ್ಟೆ.

ಷಡ್ಡಕರು ಒಂದು ಕುಕ್ಕರಿನ ಹಿಡಿ ಬಿಚ್ಚುತ್ತಿದ್ದವರು ತಲೆ ಎತ್ತಿದರು. "ಅಲ್ರೀ ಮೇಷ್ಟ್ರೇ, ಅದೆಂಥ ವಿವೇಕ? ಬೇರೆ ಆಗ್ಲಿ ಬಿಡಿ!"

ಅಷ್ಟೇ. ಅಲ್ಲಿಂದ ಹತ್ತಿದ ಬೆಂಕಿ ಇನ್ನೂ ಆರಿಲ್ಲ.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ನಾನು ಸೊರಬಕ್ಕೆ ಹೋಗುತ್ತಿದ್ದುದು ಬ್ರಿಟನ್ನನ್ನು ಉಳಿಸುವುದಕ್ಕಲ್ಲ, ಗದ್ದೆ ಪಾಲು ಮಾಡಿಸಿಕೊಳ್ಳುವುದಕ್ಕೆ! ನಮ್ಮ ಮಾವನವರಿಗೆ ಗಂಡುಮಕ್ಕಳಿರಲಿಲ್ಲ. ಅಂಬ್ಲಿಗೊಳ ಡ್ಯಾಮಿನ ನೀರು ಹರಿಯುವ ಒಂದು ತುಂಡು ಗದ್ದೆಯನ್ನು ಇಬ್ಬರು ಅಳಿಯಂದಿರ ಹೆಸರಿಗೆ ಜಂಟಿಯಾಗಿ ಮಾಡಿಟ್ಟು ಕಣ್ಣು ಮುಚ್ಚಿದರು. ("ಅಪ್ಪ ಗದ್ದೆ ನಿಮಗೆ ಬರೆದ್ರು, ಬುದ್ಧಿ ನಮಗೆ ಬಿಟ್ರು" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.) ಒಂದೇ ಪಹಣಿ, ಎರಡು ಹೆಸರು. ಅದನ್ನು ಅಳೆಸಿ ಅವರವರ ಪಾಲಿಗೆ ಬೇರೆ ಬೇರೆ ಪಹಣಿ ಮಾಡಿಸುವುದಕ್ಕೆ ಪೋಡಿ ಅನ್ನುತ್ತಾರೆ. ಆ ಅರ್ಜಿಗೆ ಷಡ್ಡಕರ ಸಹಿ ಬೇಕಿತ್ತು. ನಾನೇನು ನೇಗಿಲು ಹಿಡಿಯುವವನೇ? ಕೆಸರಿಗೆ ಇಳಿದರೆ ಚಪ್ಪಲಿ ಹುಡುಕಲು ಇಬ್ಬರು ಬೇಕು. ಆದರೂ ಬಿಳಿ ಪಂಚೆ ಉಟ್ಟು ಬದುವಿನ ಮೇಲೆ ನಿಂತು, ಸ್ಟಾಫ್ ರೂಮಿನ ಗೆಳೆಯರಿಗೆ "ಇದು ನಮ್ಮ ಗದ್ದೆ" ಅನ್ನುವ ಬದಲು "ಇದು ನನ್ನ ಗದ್ದೆ" ಅನ್ನಬೇಕೆಂಬ ಆಸೆ. ಮನುಷ್ಯನಿಗೆ ವಯಸ್ಸಾಗುತ್ತಾ ಬಂದ ಹಾಗೆ ಎಂಥೆಂಥ ಚಪಲ ನೋಡಿ!

ಹೀಗಾಗಿ ನನ್ನ ಚೀಲದಲ್ಲಿ ಬೇರೆಯಾಗುವ ಅರ್ಜಿ, ಬಾಯಲ್ಲಿ ಒಗ್ಗಟ್ಟಿನ ಭಾಷಣ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಷಡ್ಡಕರದು ಇದರ ತಿರುಗುಮುರುಗು: ಬಾಯಲ್ಲಿ ಸ್ವಾತಂತ್ರ್ಯದ ಘೋಷಣೆ, ಸಹಿ ಮಾತ್ರ ಕೇಳಬಾರದು. "ಅಣ್ಣ, ಆ ಪೋಡಿ ವಿಷಯ..." ಎಂದು ನಾನು ಚೀಲಕ್ಕೆ ಕೈ ಹಾಕಿದೊಡನೆ ಕಾಲಿನಿಂದಲೇ ಸ್ಟೂಲು ನನ್ನ ಕಡೆ ಎಳೆದು, ಚಹಾಕ್ಕೆ ಕೂಗಿ, "ಅದು ಇರ್ಲಿ ಮೇಷ್ಟ್ರೇ, ನಿಮ್ಮ ಇಂಗ್ಲೆಂಡಿನವ್ರು ಈಗ ಏನಂತಾರೆ?" ಅನ್ನುತ್ತಿದ್ದರು. ನನ್ನ ಇಂಗ್ಲೆಂಡಂತೆ! ನನ್ನದೇ ಅಲ್ಲದಿದ್ದರೆ ನಾನು ಅದನ್ನು ಅಷ್ಟು ಹೊತ್ತು ಸಮರ್ಥಿಸುತ್ತಿದ್ದೆನೇ? ಮಾತು ಮುಗಿಯುವಷ್ಟರಲ್ಲಿ ನಾಲ್ಕರ ಬಸ್ಸು ಹೋಗಿ, ಕೊನೆಯ ಬಸ್ಸಿಗೆ ಓಡುವ ಹೊತ್ತಾಗಿರುತ್ತಿತ್ತು. ಅರ್ಜಿ ಚೀಲದಲ್ಲೇ ಬೆವರಿಕೊಂಡು ವಾಪಸು ಬರುತ್ತಿತ್ತು.

ಮನೆಗೆ ಬಂದರೆ ಹೆಂಡತಿ ಕೇಳುತ್ತಿದ್ದಳು, "ಸಹಿ ಆಯ್ತಾ?"

"ಇಲ್ಲ. ಆದರೆ ಬೇರೆ ಆದಮೇಲೆ ಪೌಂಡು ಯಾರ ದುಡ್ಡು ಅನ್ನೋ ವಿಚಾರದಲ್ಲಿ ನಿಮ್ಮ ಭಾವನ ಬಾಯಿ ಮುಚ್ಚಿಸಿದೆ."

"ಸ್ಕಾಟ್ಲೆಂಡಿಗೆ ಆಮೇಲೆ ಬುದ್ಧಿ ಹೇಳ್ವಿರಂತೆ, ಮೊದ್ಲು ಗ್ಯಾಸ್ ಬುಕ್ ಮಾಡ್ರೀ."

ಜಗಳ ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆ ವರ್ಷ ನಮ್ಮ ಹೊಸ ಮನೆಯ ಗೃಹಪ್ರವೇಶ. ಷಡ್ಡಕರು ದೊಡ್ಡದೊಂದು ತಾಮ್ರದ ಕೊಡ ತಂದರು. ಪಾತ್ರೆಯ ಮೇಲೆ ಹೆಸರು ಕೊರೆಯುವುದರಲ್ಲಿ ಅವರದು ಎತ್ತಿದ ಕೈ. ಗುಂಯ್ ಎನ್ನುವ ಆ ಸಣ್ಣ ಮಿಷನ್ನಿನಲ್ಲಿ ಅಕ್ಷರ ಮುತ್ತಿನ ಹಾಗೆ ಬರುತ್ತವೆ. ಪೂಜೆಗೆ ಕೂತ ಅಯ್ಯನವರು ಅದೇ ಕೊಡವನ್ನು ಕಳಶಕ್ಕೆ ಇಟ್ಟರು. ಕೊಟ್ಟವರ ಹೆಸರು ಹೇಳಿ ಹರಸೋಣವೆಂದು ಕನ್ನಡಕ ಸರಿಮಾಡಿಕೊಂಡು, ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದರು: "ಸ್ಕಾಟ್ಲೆಂಡ್ ಬೇರೆಯಾಗಲಿ!" ಎಲ್ಲರೂ ಅಭ್ಯಾಸಬಲದಿಂದ ಅಕ್ಷತೆ ಹಾಕಿಬಿಟ್ಟರು! ನಮ್ಮ ಮನೆಯ ಪ್ರವೇಶಕ್ಕಿಂತ ಮೊದಲು ಸ್ಕಾಟ್ಲೆಂಡಿಗೆ ಆಶೀರ್ವಾದವಾಯಿತು. ಆ ಕೊಡದ ನೀರನ್ನೇ ನಾವು ಈಗಲೂ ಕುಡಿಯುತ್ತೇವೆ, ಅಕ್ಷರ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ.

ಅಷ್ಟರಲ್ಲಿ ಸೊರಬದಲ್ಲಿ ಚರ್ಚೆ ಊರೊಟ್ಟಿನ ಚರ್ಚೆಯಾಗಿತ್ತು. ಪಾತ್ರೆ ಕೊಳ್ಳಲು ಬಂದವರು ಮೊದಲು ಸ್ಕಾಟ್ಲೆಂಡಿನ ಬಗ್ಗೆ ಅಭಿಪ್ರಾಯ ಹೇಳಬೇಕು, ಆಮೇಲೆ ಬೆಲೆ. ಪಕ್ಕದ ಅಂಗಡಿಯ ಟೈಲರ್ ಸಾಬರು ಬಹಳ ದಿನ ಯಾವ ಕಡೆಗೂ ವಾಲಲಿಲ್ಲ. ಅವರೂ ಅವರ ಅಣ್ಣನೂ ಹಿಂದೆ ಒಂದೇ ಅಂಗಡಿಯನ್ನು ನಡುವೆ ಪ್ಲೈವುಡ್ ಹೊಡೆದು ಪಾಲು ಮಾಡಿಕೊಂಡಿದ್ದರಂತೆ. ಸೀಲಿಂಗ್ ಫ್ಯಾನು ಮಾತ್ರ ಸರಿಯಾಗಿ ಪ್ಲೈವುಡ್ಡಿನ ನೆತ್ತಿಯ ಮೇಲೆ!

"ಬೇರೆ ಆದ್ರೂ ರಾಣಿ ಒಬ್ರೇ ಇರ್ತಾರೆ ಅಂತೀರಲ್ಲ ಮೇಷ್ಟ್ರೇ?" ಎಂದು ಕೇಳಿದರು.

"ಹೌದು, ಹಾಗಂತ ಅವರು ಹೇಳ್ತಾರೆ."

"ಹಂಗಾರೆ ನಮ್ಮ ಫ್ಯಾನಿನ ಕಥೆನೇ ಆತು. ಗಾಳಿ ಇಬ್ರಿಗೂ, ಕರೆಂಟ್ ಬಿಲ್ಲು ಯಾರಿಗೂ ಇಲ್ಲ!"

ಕುಪ್ಪಗಡ್ಡೆಯ ರೈತರೊಬ್ಬರು ಹಾಲಿನ ಕ್ಯಾನು ಕೊಳ್ಳಲು ಬಂದವರು ಒಂದೇ ಪ್ರಶ್ನೆ ಕೇಳಿದರು. "ಕಾಲುವೇಲಿ ಮೇಲಿರೋರು ಬೇರೆ ಆದ್ರೆ ಬದುಕ್ತಾರೆ, ಕೆಳಗಿರೋರು ಬೇರೆ ಆದ್ರೆ ಕೆಟ್ರು. ಇವರು ಎಲ್ಲಿದಾರೆ?" ನಾನು ಉತ್ಸಾಹದಿಂದ ಭೂಪಟ ಬಿಡಿಸಿ ತೋರಿಸಿದೆ. ಅವರು ನೋಡಿ, "ಓ, ಇಂಗ್ಲೆಂಡಿನ ಮೇಲ್ಗಡೆನೇ ಅದಾರಲ್ಲ! ನೀರು ಇವರ ಕೈಲೇ ಐತಿ. ಬೇರೆ ಆಗ್ಲಿ ಬಿಡ್ರಿ" ಎಂದು ಕ್ಯಾನು ಎತ್ತಿಕೊಂಡು ಹೊರಟರು. ಭೂಪಟದಲ್ಲಿ ಮೇಲೆ ಅಂದರೆ ಉತ್ತರವೇ ಹೊರತು ಎತ್ತರವಲ್ಲ ಎಂದು ನಾನು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆ ಹೋಗಿ ವಿವರಿಸಿದೆ. ಅವರು ಹೂಂಗುಟ್ಟಿದ ರೀತಿಯಲ್ಲೇ ನನಗೆ ನನ್ನ ಕ್ಲಾಸು ನೆನಪಾಯಿತು. ಅಂದ ಹಾಗೆ ಅಲ್ಲಿ ಹದಿನಾರು ವರ್ಷದವರಿಗೂ ಓಟು ಕೊಟ್ಟಿದ್ದರು. ನಮ್ಮ ಶಾಲೆಯಲ್ಲಿ ಹಾಗೆ ಮಾಡಿದರೆ ಹತ್ತನೇ ಕ್ಲಾಸು ನನ್ನಿಂದ ಅವತ್ತೇ ಸ್ವತಂತ್ರವಾಗುತ್ತದೆ!

ಕಡೆಗೆ ಸ್ಕಾಟ್ಲೆಂಡಿನಲ್ಲಿ ಓಟಿನ ದಿನ ಬಂತು. ಸೊರಬದಲ್ಲೂ ಅವತ್ತೇ ಓಟು ಎಂದು ಷಡ್ಡಕರು ಸಾರಿದರು. ನಾನು ಶಾಲೆಗೆ ರಜೆ ಹಾಕಿ ಹೋದೆ (ರಜೆಗೆ ಕೊಟ್ಟ ಕಾರಣ ಹೊಟ್ಟೆನೋವು). ಅಂಗಡಿಯ ಹಿಂದಿನ ಮೂಲೆಯಲ್ಲಿ ಸಾಬರ ಲೈನಿಂಗ್ ಬಟ್ಟೆಯ ಪರದೆ. ಪರದೆಯ ಹಿಂದೆ ಎರಡು ಪಾತ್ರೆ: ಜೊತೆಗಿರಲಿ ಅನ್ನುವವರಿಗೆ ಹಿತ್ತಾಳೆಯ ಹಂಡೆ, ಬೇರೆಯಾಗಲಿ ಅನ್ನುವವರಿಗೆ ಸ್ಟೀಲಿನ ತಂಬಿಗೆ. ಒಬ್ಬೊಬ್ಬರಿಗೂ ಕುಕ್ಕರ್ ರಿಪೇರಿಯ ಡಬ್ಬದಿಂದ ಒಂದೊಂದು ಹಳೆಯ ನಟ್ಟು. ಬೆರಳಿಗೆ ಮಸಿಯ ಬದಲು ಸಾಬರ ಮಾರ್ಕಿಂಗ್ ಚಾಕ್. ಎಲ್ಲಾ ಶಿಸ್ತು, ಎಲ್ಲಾ ಗುಪ್ತ! ವಿದ್ಯಾವಂತ ಎಂದು ಮೊದಲ ಓಟಿನ ಮರ್ಯಾದೆ ನನಗೆ.

ಪರದೆಯ ಹಿಂದೆ ಹೋದೆ. ಕೈಯಲ್ಲಿ ನಟ್ಟು, ಹೆಗಲಿನ ಚೀಲದಲ್ಲಿ ಅರ್ಜಿ. ಆಗ ನನ್ನ ಬುದ್ಧಿ ಎಲ್ಲಿಗೆ ಹೋಯಿತು ಗೊತ್ತೇ? 'ಜೊತೆಗಿರಲಿ' ಗೆದ್ದರೆ ನಾನು ಯಾವ ಮುಖ ಇಟ್ಟುಕೊಂಡು ಪೋಡಿ ಕೇಳಲಿ? 'ಬೇರೆಯಾಗಲಿ' ಗೆದ್ದರೆ, ಜನರ ತೀರ್ಪು ಹೀಗಿದೆ ಅಣ್ಣ, ಗದ್ದೆಗೂ ಅದೇ ನ್ಯಾಯ ಅನ್ನಬಹುದಲ್ಲ! ವರ್ಷವಿಡೀ ಒಗ್ಗಟ್ಟಿನ ಪರ ಗಂಟಲು ಹರಿದುಕೊಂಡವನು ಕಳ್ಳನ ಹಾಗೆ ಅತ್ತಿತ್ತ ನೋಡಿ, ನಟ್ಟನ್ನು ತಂಬಿಗೆಗೆ ಹಾಕಿದೆ. ಟಿಣ್! ಹೊರಗೆ ಬಂದು, "ಮತದಾನ ಪವಿತ್ರವಾದದ್ದು, ಯಾರು ಯಾರಿಗೆ ಹಾಕಿದರು ಅನ್ನೋದು ಗುಟ್ಟಾಗಿರಬೇಕು" ಎಂದು ಭಾಷಣವನ್ನೂ ಬಿಗಿದೆ. ಯಾಕೋ ಯಾರೂ ನನ್ನ ಮುಖ ನೋಡಲಿಲ್ಲ.

ಸಾಬರು ಒಳಗೆ ಹೋದರು. ಢಣ್! ಹಂಡೆಯ ಸದ್ದು ಅಂಗಡಿಯ ಪಾತ್ರೆಗಳಲ್ಲೆಲ್ಲ ಗುಂಯ್ಗುಟ್ಟಿತು. ಕುಪ್ಪಗಡ್ಡೆಯ ಆ ರೈತರು ಹೋದರು. ಟಿಣ್! ಅಯ್ಯೋ, ಹಂಡೆಗೆ ಬಿದ್ದರೆ ಢಣ್, ತಂಬಿಗೆಗೆ ಬಿದ್ದರೆ ಟಿಣ್! ಪರದೆ ಕಣ್ಣಿಗೆ ಇತ್ತೇ ಹೊರತು ಕಿವಿಗೆ ಇರಲಿಲ್ಲ. ಹಾಗಾದರೆ ನನ್ನದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಚೀಲ ಮುಟ್ಟಿ ನೋಡಿಕೊಂಡೆ. ಸಾಬರು ಚಾಕಿನ ಪುಡಿ ಊದುತ್ತಾ, "ಮೇಷ್ಟ್ರದು ಟಿಣ್ ಅಂತು ನೋಡಿ, ಬಹಳ ಸಣ್ಣಗೆ ಕೇಳ್ತು" ಅಂದರು. ಮುಖಕ್ಕೆ ಮಂಗಳಾರತಿ ಅನ್ನುವುದು ಇದಕ್ಕೇ ಇರಬೇಕು.

ಕೊನೆಯ ಓಟು ಷಡ್ಡಕರದು. ಊರಿಗೆಲ್ಲ ಗೊತ್ತಿದ್ದ ಓಟು. ಸ್ಕಾಟ್ಲೆಂಡಿಗಾಗಿ ತಾಮ್ರದ ಕೊಡ ಕೊರೆದವರು! ಪರದೆ ಸರಿಸಿ ಒಳಗೆ ಹೋದರು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ಢಣ್!

ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಒಬ್ಬೊಬ್ಬರೇ ಏನೋ ನೆಪ ಹೇಳಿ ಎದ್ದರು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು, ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಾಗಿ.

"ಅದೇನಣ್ಣ ಇದು?" ಎಂದೆ, ನನ್ನದನ್ನು ಮುಚ್ಚಿಕೊಳ್ಳುವ ಅವಸರದಲ್ಲಿ. "ಇಷ್ಟು ದಿನ ಬೇರೆ ಆಗ್ಲಿ, ಬೇರೆ ಆಗ್ಲಿ ಅಂತಿದ್ದವರು!"

"ನೀವು ಜೊತೆಗಿರ್ಲಿ ಅಂದ್ರಿ ಮೇಷ್ಟ್ರೇ. ನಾನೂ ಹೌದು ಅಂದುಬಿಟ್ರೆ ಮಾತೆಲ್ಲಿ ಉಳೀತಿತ್ತು? ಒಂದು ಚಾ ಕುಡ್ದು ನಾಲ್ಕರ ಬಸ್ಸಿಗೇ ಎದ್ದು ಹೋಗ್ತಿದ್ರಿ."

ಅವರು ರಸ್ತೆಯಾಚೆ ನೋಡಿದರು. ಎದುರು ಸಾಲಿನಲ್ಲಿ ಇನ್ನೊಂದು ಪಾತ್ರೆ ಅಂಗಡಿ ಇದೆ, ಅವರ ಸ್ವಂತ ತಮ್ಮನದು. ಅಲ್ಲಿಗೆ ಗಿರಾಕಿಯನ್ನು ಕಳಿಸುವಾಗಲೂ ಇವರು ತಮ್ಮನ ಹೆಸರು ಹೇಳದೆ "ಎದುರುಗಡೆ ಕೇಳಿ" ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಯಾಕೆಂದು ಯೋಚಿಸಿರಲಿಲ್ಲ.

"ನಾನೂ ಅವನೂ ಒಂದು ಮಾತು ಜಗಳ ಇಲ್ದೆ ಪಾಲಾದ್ವಿ. ಊರೆಲ್ಲ ಹೊಗಳ್ತು. ಪಾಲಾದ ಮೇಲೆ ಕೇಳೋದೂ ಏನೂ ಉಳೀಲಿಲ್ಲ, ಹೇಳೋದೂ ಉಳೀಲಿಲ್ಲ. ಈಗ ದಿನಾ ಒಬ್ರ ಮುಖ ಒಬ್ರು ನೋಡ್ಕಂಡು ಬಾಗ್ಲು ತೆಗೀತೀವಿ, ಹಾಕ್ತೀವಿ." ಆಮೇಲೆ ಕೈ ಚಾಚಿದರು. "ಕೊಡಿ ಆ ಅರ್ಜಿ. ನಿಮ್ಮ ಮನಸ್ಸು ಟಿಣ್ ಅಂದ್ಮೇಲೆ ನಾನು ತಡೀಬಾರ್ದು."

ಕೊಟ್ಟೆ. ಹೆಸರು ಕೊರೆಯುವಷ್ಟೇ ಮುತುವರ್ಜಿಯಿಂದ ಸಹಿ ಹಾಕಿ ವಾಪಸು ಕೊಟ್ಟರು. "ನಾಲ್ಕರ ಬಸ್ಸಿಗೆ ಹೊತ್ತಾತು. ಹೊರಡಿ" ಅಂದರು. ಅಷ್ಟು ವರ್ಷದಲ್ಲಿ ಅವರಾಗಿಯೇ ನನ್ನನ್ನು ಹೊರಡಿ ಅಂದದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡಿಗೆ ಬಂದೆ. ನನಗೆ ಬೇಕಾದದ್ದು ಚೀಲದಲ್ಲಿತ್ತು. 'ನನ್ನ ಗದ್ದೆ' ಎಂದು ಮನಸ್ಸಿನಲ್ಲೇ ಒಂದು ಸಲ ಅಂದು ನೋಡಿದೆ. ಬಿಳಿ ಪಂಚೆ ಉಟ್ಟು ಬದುವಿನ ಮೇಲೆ ನಿಂತವನು ಕಂಡ. ಅವನ ಜೊತೆ ಜಗಳವಾಡಲು ಒಬ್ಬರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು. ಬಸ್ಸು ಬಂತು, ಜನ ಹತ್ತಿದರು. ಕಂಡಕ್ಟರು ನನ್ನ ಕಡೆ ನೋಡಿ ಎರಡು ಸಲ ಶಿರಾಳಕೊಪ್ಪ ಎಂದು ಕೂಗಿ ಸೀಟಿ ಊದಿದ.

ನಾನು ಅಂಗಡಿಗೆ ವಾಪಸು ಹೋದಾಗ ಷಡ್ಡಕರು ಪರದೆ ಬಿಚ್ಚಿ ಮಡಚುತ್ತಿದ್ದರು. ನನ್ನನ್ನು ಕಂಡೂ ಕಾಣದವರಂತೆ ಇದ್ದರು.

"ಅಣ್ಣ," ಎಂದೆ, ಬಾಗಿಲಲ್ಲೇ ನಿಂತು. "ಓಟು ಏನಾದ್ರೂ ಆಗ್ಲಿ, ನನ್ನ ಮಾತು ನನ್ನದೇ. ಅವರು ಬೇರೆ ಆಗಲೇಬಾರದು. ಬೇರೆ ಆಗಿಬಿಟ್ಟರೆ ಪೌಂಡಿಗೆ ಏನು ಮಾಡ್ತಾರೆ?"

ಅವರು ತಲೆ ಎತ್ತಲಿಲ್ಲ. ಕಾಲಿನಿಂದ ಸ್ಟೂಲನ್ನು ಮೆಲ್ಲಗೆ ನನ್ನ ಕಡೆ ಎಳೆದರು. ಪಕ್ಕದ ಹೋಟೆಲಿಗೆ ಎರಡು ಚಾ ಎಂದು ಕೂಗಿದರು.

"ಅಲ್ರೀ ಮೇಷ್ಟ್ರೇ," ಅಂದರು, "ಪೌಂಡು ಏನು ಇಂಗ್ಲೆಂಡಿನವ್ರ ಅಪ್ಪನ ಮನೇದಾ?"