ಮೂರನೆಯ ಎಲ್ಬೋ

ಮೇಷ್ಟ್ರ ಮನೆಯ ಬಚ್ಚಲಲ್ಲಿ ಶವರ್ ತಿರುಗಿಸಿದರೆ ನೀರು ಬೀಳುತ್ತಿರಲಿಲ್ಲ, ಇಣುಕುತ್ತಿತ್ತು. ಇಣುಕಿ ನೋಡಿ, ಪರಿಚಯದವರು ಯಾರೂ ಇಲ್ಲವೆಂಬಂತೆ ಮತ್ತೆ ಒಳಗೇ ಸೇರಿಕೊಳ್ಳುತ್ತಿತ್ತು. ಬೇರೆಯವರಾಗಿದ್ದರೆ ಪ್ಲಂಬರನನ್ನು ಕರೆಸಿ ಕೈತೊಳೆದುಕೊಳ್ಳುತ್ತಿದ್ದರು. (ಕೈತೊಳೆಯುವಷ್ಟಾದರೂ ನೀರು ಬರುತ್ತಿತ್ತು.) ಆದರೆ ಮೇಷ್ಟ್ರು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಪೈಪಿನಲ್ಲಿ ಹರಿಯುವ ನೀರು ಯಾವ ತಿರುವಿನಲ್ಲಿ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಪ್ರಯೋಗ ಮಾಡಿ ತೋರಿಸುತ್ತಿದ್ದವರು. ಅವರು ಪ್ಲಂಬರನನ್ನು ಕರೆಸುವುದೆಂದರೆ ಬಾಣಸಿಗ ಪಕ್ಕದ ಮನೆಯಿಂದ ಅನ್ನ ಕಡ ತಂದ ಹಾಗೆ.

"ಅಳೀದೆ ಪೈಪು ಮುಟ್ಟೋದು ಅಜ್ಞಾನ ಕಣೇ."

"ನೀವು ಮೂರು ವಾರದಿಂದ ಅಳೀತಾನೇ ಇದೀರಿ, ನಾನು ಚೊಂಬು ಹಿಡ್ಕೊಂಡು ಅಳ್ತಾನೇ ಇದೀನಿ," ಎಂದಳು ಹೆಂಡತಿ.

ತಾರಸಿಯ ಟ್ಯಾಂಕಿನಿಂದ ಹೊರಗೋಡೆಯ ಮೇಲೆ ಇಳಿದು ಬರುತ್ತಿದ್ದ ಆ ಕಬ್ಬಿಣದ ಪೈಪೊಂದೇ ಇಡೀ ಮನೆಗೆ ಜೀವನಾಡಿ. ಅದಕ್ಕೆ ನಾಲ್ಕು ಎಲ್ಬೋ, ಅಂದರೆ ಪೈಪಿನ ಮೊಣಕೈಗಳು. ಮೇಷ್ಟ್ರು ಪ್ರತಿ ಎಲ್ಬೋವಿನ ಹಿಂದೊಂದು ಮುಂದೊಂದು ತೂತು ಕೊರೆದು, ಪಾರದರ್ಶಕ ಕೊಳವೆಗಳನ್ನು ಮೇಲ್ಮುಖವಾಗಿ ನಿಲ್ಲಿಸಿದ್ದರು. ನೀರು ಹರಿಯುವಾಗ ಹಿಂದಿನ ಕೊಳವೆಗಿಂತ ಮುಂದಿನದರಲ್ಲಿ ಮಟ್ಟ ಎಷ್ಟು ತಗ್ಗುತ್ತದೋ ಅಷ್ಟು ನಷ್ಟ. ಮನೆ ದೂರದಿಂದ ಆಸ್ಪತ್ರೆಯ ರೋಗಿಯಂತೆ ಕಾಣುತ್ತಿತ್ತು.

ಆ ದಿನ ಮೇಷ್ಟ್ರಿಗೆ ರಜೆ. ಹೆಂಡತಿಗೆ ಮಾತ್ರ ಹನ್ನೊಂದು ಗಂಟೆಗೆ ಸಂದರ್ಶನ. ಗ್ರಂಥಾಲಯದ ಮುಖ್ಯಸ್ಥೆಯ ಹುದ್ದೆ, ಹನ್ನೆರಡು ವರ್ಷ ಕಾದದ್ದು. "ಒಂಬತ್ತೂವರೆಗೆ ನಿನ್ನ ಬಚ್ಚಲಲ್ಲಿ ಜಲಪಾತ," ಎಂದು ಮೇಷ್ಟ್ರು ಅಭಯ ಕೊಟ್ಟರು. ಅದನ್ನು ನಂಬಿ ಅವಳು ಒಂಬತ್ತಕ್ಕೆ ತಲೆಗೆ ಬಣ್ಣ ಹಚ್ಚಿಕೊಂಡಳು. ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟರೆ ನೆತ್ತಿ ಸುಡುತ್ತದೆ ಎಂದು ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಅವಳ ತಾಯಿ ಅಲಾರಂ ಗಡಿಯಾರ ಹಿಡಿದು ಅಂಗಳದಲ್ಲಿ ಕುರ್ಚಿ ಹಾಕಿ ಕೂತರು.

ಮೇಷ್ಟ್ರು ಶವರನ್ನು ಪೂರ್ತಿ ತೆರೆದು, ಬಕೆಟ್ ತುಂಬುವ ಹೊತ್ತನ್ನು ಅಳೆದು, ಏಣಿ ಹತ್ತಿದರು. ಮೊದಲನೆಯ ಎಲ್ಬೋ: ಒಂದು ಬೆರಳು. ಎರಡನೆಯದು: ಒಂದೂವರೆ. ಮೂರನೆಯದು...

"ಎರಡು ಗೇಣು!" ಮೇಷ್ಟ್ರು ಏಣಿಯ ಮೇಲೆಯೇ ಕುಣಿದರು. "ಕಳ್ಳ ಸಿಕ್ಕಿಬಿದ್ದ!"

"ಹದಿನೆಂಟು ನಿಮಿಷ, ಅಳಿಯಂದ್ರೇ," ಎಂದರು ಅತ್ತೆ.

"ಐದೇ ನಿಮಿಷ ಅತ್ತೆ. ಒಳಗೇನೋ ಸಿಕ್ಕೊಂಡಿದೆ, ತೆಗೆದುಬಿಡ್ತೀನಿ."

ಟ್ಯಾಂಕಿನ ವಾಲ್ವ್ ಮುಚ್ಚಿ ಸ್ಪ್ಯಾನರ್ ಹಾಕಿದರು. ಎಲ್ಬೋ ಜಗ್ಗಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿದರು. ಇಪ್ಪತ್ನಾಲ್ಕನೆಯ ನಿಮಿಷಕ್ಕೆ ಅದು ಕಟಕ್ಕೆಂದು ಕೈಗೆ ಬಂತು. ಜೊತೆಗೆ ತುಕ್ಕು ಹಿಡಿದ ಪೈಪಿನ ತುದಿಯೂ ಮುರಿದು ಬಂತು. ಎಲ್ಬೋವನ್ನು ಕಣ್ಣಿಗೆ ಹಿಡಿದು ನೋಡಿದರು. ಒಳಗೇನೂ ಸಿಕ್ಕಿಕೊಂಡಿರಲಿಲ್ಲ; ತಿರುವಿನಾಚೆಯಿಂದ ಆಕಾಶದ ಬೆಳಕು ಸ್ವಚ್ಛವಾಗಿ ಬರುತ್ತಿತ್ತು.

"ರೀ, ಉರೀತಿದೆ!" ಬಚ್ಚಲಿನಿಂದ ಕೂಗು ಬಂತು. "ನೀರು ಬಿಡ್ರೀ!"

"ಬಕೆಟ್ಟಲ್ಲಿರೋದನ್ನ ಹಾಕ್ಕೋ!"

"ಯಾವ ಬಕೆಟ್ಟು? ಅಳ್ದಳ್ದು ಗಿಡಕ್ಕೆ ಸುರಿದ್ರಲ್ಲ!"

"ಇಪ್ಪತ್ತೊಂಬತ್ತು," ಎಂದರು ಅತ್ತೆ.

ಮೇಷ್ಟ್ರು ಮುರಿದ ತುದಿಗೆ ಎಲ್ಬೋವನ್ನು ಒತ್ತಿದರು, ತಿರುಗಿಸಿದರು, ಬಟ್ಟೆ ಸುತ್ತಿದರು, ಕೊನೆಗೆ ಕೈಯಲ್ಲೇ ಅದುಮಿ ಹಿಡಿದು, "ಅತ್ತೆ, ವಾಲ್ವ್ ತೆಗೀರಿ!" ಎಂದರು. ಅತ್ತೆ ತಾರಸಿಗೆ ಹತ್ತಿ ಹೋಗಿ ತೆಗೆದರು. ಮೂರು ವಾರದಿಂದ ಮುನಿದಿದ್ದ ನೀರು ನೇರ ಅವರ ಮುಖಕ್ಕೇ ಉಗಿಯಿತು. ಬಚ್ಚಲಿಗೆ ಒಂದು ಹನಿಯೂ ಹೋಗಲಿಲ್ಲ.

ಹೆಂಡತಿ ತಲೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊರಬಂದಳು. ಹಣೆಯ ಮೇಲೆ ಕಪ್ಪು ಧಾರೆ, ಕಣ್ಣಲ್ಲಿ ನೀರು. ಅವಳು ರಸ್ತೆ ದಾಟಿ ಎದುರು ಮನೆಗೆ ಓಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಮೊದಲ ಬಾರಿಗೆ ಅನ್ನಿಸಿತು. ಹನ್ನೆರಡು ವರ್ಷ ಕಾದವಳು.

ಅತ್ತೆ ಮಾತ್ರ ಕನ್ನಡಕದ ಡಬ್ಬಿಯಿಂದ ಒಂದು ಚೀಟಿ ತೆಗೆದು ಫೋನ್ ಮಾಡಿದರು.

ಹತ್ತು ಗಂಟೆಗೆ ಪ್ಲಂಬರ್ ಬಂದ. ಮೂವತ್ತರ ಆಸುಪಾಸು. ಒದ್ದೆಮುದ್ದೆಯಾಗಿದ್ದ ಮೇಷ್ಟ್ರನ್ನು ಕಂಡು ಕೈ ಮುಗಿದ.

"ನಮಸ್ಕಾರ ಸರ್. ನಿಮ್ಮ ಶಿಷ್ಯ. ಕಾಲೇಜು ಅರ್ಧಕ್ಕೇ ಬಿಟ್ಟೆ."

ಅವನು ಕೊಳವೆಗಳನ್ನು ಒಂದೊಂದಾಗಿ ಭಕ್ತಿಯಿಂದ ನೋಡಿದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಲೆಕ್ಕ ಓದಿದ. ಆಮೇಲೆ ತಲೆ ಕೆರೆದುಕೊಂಡ.

"ಸರ್, ಮೂರನೇದರಲ್ಲಿ ಈ ಎರಡು ಕೊಳವೆ ಮಧ್ಯೆ ಹನ್ನೆರಡು ಅಡಿ ದೂರ ಇದೆಯಲ್ಲ?"

"ಕಿಟಕಿ ಅಡ್ಡ ಬಂತು. ಅದಕ್ಕೇ ಕೆಳಗೆ ಹಾಕಿದೆ."

"ಹಾಗಾದ್ರೆ ಆ ಹನ್ನೆರಡು ಅಡಿ ನೇರ ಪೈಪಿನ ನಷ್ಟವನ್ನ ಎಲ್ಬೋ ಲೆಕ್ಕದಿಂದ ಕಳೆದ್ರಾ ಸರ್?"

ಮೇಷ್ಟ್ರು ಗೋಡೆಯ ಮೇಲಿನ ಲೆಕ್ಕವನ್ನು ಒದ್ದೆ ತೋಳಿನಿಂದ ಒರೆಸತೊಡಗಿದರು. ಪ್ಲಂಬರ್ ಆ ನೇರ ಪೈಪನ್ನು ಬಿಚ್ಚಿ ತೋರಿಸಿದ. ಒಳಗೆಲ್ಲ ತುಕ್ಕು ಕಟ್ಟಿ, ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಪಾಪದ ಎಲ್ಬೋ ನಿರಪರಾಧಿ.

ಅಷ್ಟರಲ್ಲಿ ಹೆಂಡತಿ ತಲೆ ತೊಳೆದು, ಒಳಗೆ ಹೋಗಿ ಸೀರೆಯುಟ್ಟು ಬಂದಿದ್ದಳು. ನೆತ್ತಿ ಕೆಂಪಾಗಿತ್ತು, ಕೂದಲು ಕ್ಷೇಮ.

"ಅದನ್ನ ಕಳೀಲೇಬೇಕಾ?" ಎಂದು ಪ್ಲಂಬರನನ್ನೇ ಕೇಳಿದಳು.

"ಕಳೀಲೇಬೇಕು ಮೇಡಂ. ನಾನು ಕಳೀಲಿಲ್ಲ ಅಂತಾನೇ ಸರ್ ನನ್ನನ್ನ ಎರಡು ಸಲ ಫೇಲ್ ಮಾಡಿದ್ದು." ಅವನ ದನಿಯಲ್ಲಿ ಸಿಟ್ಟು ಲವಲೇಶವೂ ಇರಲಿಲ್ಲ. ಮೇಷ್ಟ್ರ ನೀರಿಳಿದದ್ದು ಅದಕ್ಕೇ.

ಹೆಂಡತಿ ಚೀಲ ಹೆಗಲಿಗೇರಿಸಿ ಗೇಟಿನ ತನಕ ಹೋಗಿ ತಿರುಗಿ ನಿಂತಳು.

"ರೀ, ನಿಮ್ಮ ಯಜಮಾನರು ಏನು ಕೆಲಸ ಮಾಡ್ತಾರೆ ಅಂತ ಅಲ್ಲಿ ಕೇಳಿದ್ರೆ ಏನು ಹೇಳ್ಲಿ?"

ಮೇಷ್ಟ್ರು ಉತ್ತರಿಸುವ ಮೊದಲೇ ಏಣಿಯ ಮೇಲಿಂದ ಶಿಷ್ಯನ ವಿನಯದ ದನಿ ಕೇಳಿಸಿತು:

"ಸರ್, ಏಣಿ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ."

"ಸರಿ, ಗೊತ್ತಾಯ್ತು," ಎಂದು ಹೆಂಡತಿ ಹೊರಟಳು.