ಬ್ರೋಕರ್‌ಗಳು ಕ್ಷಮಿಸಿ

ಭಾನುವಾರ ಬೆಳಗ್ಗೆ ರಾಮಪ್ರಸಾದರು ಅಪಾರ್ಟ್‌ಮೆಂಟಿನ ಗೇಟಿಗೆ ಕಟ್ಟಿದ ಒಂದು ರಟ್ಟಿನ ತುಂಡೇ ಆ ದಿನದ ಎಲ್ಲ ಅನಾಹುತಕ್ಕೂ ಕಾರಣ. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಮೂರನೇ ಮಹಡಿ ಮನೆ ಮಾರಾಟಕ್ಕಿದೆ. ಓನರ್ ಡೈರೆಕ್ಟ್. ಬ್ರೋಕರ್‌ಗಳು ಕ್ಷಮಿಸಿ.'

ಮನೆ ಮಾರಲು ಹೊರಟಿದ್ದು ಶೋಕಿಗಲ್ಲ. ವೈಟ್‌ಫೀಲ್ಡಿನ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಅವರ ಹೆಂಡತಿ ಭಾನುಮತಿಯವರ ಮಂಡಿಗಳಿಗೆ ಮೆಟ್ಟಿಲೆಂದರೆ ಆಗುತ್ತಿರಲಿಲ್ಲ. ತರಕಾರಿ, ಹೂವು ಏನು ಬೇಕಾದರೂ ಆಕೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ಇದನ್ನು ಮಾರಿ, ಇದೇ ಬೀದಿಯ ಆಸುಪಾಸಿನಲ್ಲಿ ಮೆಟ್ಟಿಲಿಲ್ಲದ ಒಂದು ಕೆಳಗಿನ ಮನೆ ಕೊಂಡುಕೊಂಡರೆ ಸಂಜೆ ಹೊತ್ತು ದೇವಸ್ಥಾನಕ್ಕೆ ನಡೆದು ಹೋಗಬಹುದು ಎನ್ನುವುದೊಂದೇ ಆಕೆಯ ಆಸೆ.

ರಾಮಪ್ರಸಾದರು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಬಂದ ಮಾಲಿನಲ್ಲಿ ಐಬು ಹುಡುಕಿ ವಾಪಸ್ ಕಳಿಸುವುದೇ ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಚಟ ಬಿಟ್ಟಿರಲಿಲ್ಲ.

"ಬ್ರೋಕರ್ ಅನ್ನೋನು ಮಾರೋರ ಹತ್ರ ಮಾರೋರ ಕಡೆ, ಕೊಳ್ಳೋರ ಹತ್ರ ಕೊಳ್ಳೋರ ಕಡೆ. ಎರಡು ಮನೇಲೂ ಊಟ ಮಾಡೋನನ್ನ ಹೇಗೆ ನಂಬೋದು?" ಎಂದು ಅವರು ಹೆಂಡತಿಗೆ ತಿಳಿಹೇಳಿದ್ದರು.

ಮೊದಲು ಬಾಗಿಲು ತಟ್ಟಿದವರು ಇದೇ ಕಟ್ಟಡದ ಕೆಳಗಿನ ಮನೆಯ ಚನಬಸಪ್ಪನವರು. ಒಂದೇ ಕಾರ್ಖಾನೆಯಲ್ಲಿ ದುಡಿದ ಹಳೆಯ ಸ್ನೇಹಿತರು. ಸಂಕೋಚದ ಮನುಷ್ಯ. ಸಕ್ಕರೆ ಸಾಲ ಕೇಳಲು ಬಂದರೂ ಹವಾಮಾನದಿಂದ ಶುರು ಮಾಡುವವರು. ಅಂದು ಕೂಡ ಬಿಸಿಲು, ಮೆಟ್ರೊ, ಕಾವೇರಿ ನೀರು ಎಲ್ಲ ಮುಗಿಸಿ ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಬೋರ್ಡ್ ನೋಡ್ದೆ. ನನಗೆ ಗೊತ್ತಿರೋ ಕಡೆ ಒಂದು ಕೆಳಗಿನ ಮನೆ ಇದೆ ಕಣ್ರೀ. ಅದಲು ಬದಲು ಮಾಡ್ಕೊಂಡ್ರೂ…"

ರಾಮಪ್ರಸಾದರ ಮುಖ ಕಪ್ಪಿಟ್ಟಿತು. "ನೀವೂ ಶುರು ಮಾಡ್ಬಿಟ್ರಾ ಚನಬಸಪ್ಪನೋರೇ? ಈ ಏರಿಯಾದಲ್ಲಿ ಹಾಲಿನ ಬೂತಿನವನು, ವಾಚ್‌ಮನ್ನು, ಇಸ್ತ್ರಿಯವನು ಎಲ್ಲಾರೂ ಬ್ರೋಕರ್‌ಗಳೇ. ನೀವೊಬ್ರು ಬಾಕಿ ಇದ್ರಿ."

ಚನಬಸಪ್ಪನವರು ಎದ್ದು ಹೋದರು.

ಕಾಫಿ ಲೋಟ ಹಿಡಿದು ಬಂದ ಭಾನುಮತಿ ಖಾಲಿ ಕುರ್ಚಿ ನೋಡಿದರು. "ಕಾಫಿ ಕುಡೀದೆ ಯಾಕೆ ಹೋದ್ರು ಅವ್ರು?"

"ಬ್ರೋಕರ್‌ಗೆಲ್ಲ ಯಾಕೆ ಕಾಫಿ?" ಎಂದು ಆ ಕಾಫಿಯನ್ನು ರಾಮಪ್ರಸಾದರೇ ಕುಡಿದರು.

ಆಮೇಲೆ ಬಂದವನು ರುದ್ರೇಶ್. ಇಸ್ತ್ರಿ ಮಾಡಿದ ಅಂಗಿ, ಜೊತೆಗೆ ತಲೆಗೆ ಸೆರಗು ಹೊದ್ದ ವಯಸ್ಸಾದ ಹೆಂಗಸು. "ನಾನು ಬೊಮ್ಮಸಂದ್ರದಲ್ಲಿ ಫಾರ್ಮಾ ಕಂಪನೀಲಿ ಸೂಪರ್‌ವೈಸರ್ ಸಾರ್. ಇವ್ರು ನಮ್ ತಾಯಿ. ನಮಗೇ ಮನೆ ಬೇಕಾಗಿತ್ತು" ಎಂದ. ರಾಮಪ್ರಸಾದರಿಗೆ ಖುಷಿಯಾಯಿತು. ತಾಯಿಯನ್ನು ಕರೆತಂದವನು ಬ್ರೋಕರ್ ಆಗಿರಲು ಸಾಧ್ಯವೇ ಇಲ್ಲ. ಅಡುಗೆಮನೆ, ಬಚ್ಚಲು ಎಲ್ಲ ತಾವೇ ಮುಂದೆ ನಿಂತು ತೋರಿಸಿದರು.

ಭಾನುಮತಿ ಮಾತ್ರ ಆ ತಾಯಿಯನ್ನೇ ಸುತ್ತಿ ಸುತ್ತಿ ನೋಡುತ್ತಿದ್ದರು. "ಅಮ್ಮಾ, ಸ್ವಲ್ಪ ಸೆರಗು ತೆಗೆದು ತಲೆ ಬಗ್ಗಿಸ್ತೀರಾ?"

ತಾಯಿ ಪಾಪ, ಬಗ್ಗಿದರು.

"ಸೊಣ್ಣಮ್ಮ ಅಲ್ವಾ ನೀನು? ದಿನಾ ಮೇಲಿಂದ ಬುಟ್ಟಿ ಬಿಟ್ಟು ನಿನ್ನ ಹತ್ರ ಹೂ ತಗೊಳ್ತೀನಿ. ಮುಖ ಸರಿಯಾಗಿ ನೋಡಿಲ್ಲ, ಆದ್ರೆ ನೆತ್ತಿ ಗೊತ್ತು ನಂಗೆ. ಇವನ್ಯಾವಾಗ ನಿನ್ನ ಮಗ ಆದ?"

"ಅಂಗೇನಿಲ್ಲ ಕಣವ್ವಾ, ಒಂದ್ ಗಳಿಗೆ ತಾಯಿ ಆಗು ಅಂದ. ಯಾಪಾರ ಇರ್ಲಿಲ್ಲ, ಬಂದೆ" ಎಂದು ಸೊಣ್ಣಮ್ಮ ತಣ್ಣಗೆ ಒಪ್ಪಿಕೊಂಡಳು.

ರುದ್ರೇಶ್ ನಾಚಿಕೊಳ್ಳಲಿಲ್ಲ. ಜೇಬಿನಿಂದ ಕಾರ್ಡ್ ತೆಗೆದು ಟೀಪಾಯಿ ಮೇಲಿಟ್ಟು, "ಅಂಥಾ ಬೋರ್ಡ್ ಹಾಕಿದ್ರೆ ನಾವಿನ್ನೇನ್ ಮಾಡೋದು ಸಾರ್? ಬೇಕಾದಾಗ ಫೋನ್ ಮಾಡಿ" ಎಂದು ತಾಯಿಯ ಸಮೇತ ಇಳಿದುಹೋದ.

ಆಮೇಲಿಂದ ರಾಮಪ್ರಸಾದರ ಕಣ್ಣು ಪೂರ್ತಿ ಇನ್‌ಸ್ಪೆಕ್ಷನ್ ಕಣ್ಣಾಯಿತು. ಹನ್ನೊಂದರ ಸುಮಾರಿಗೆ ಹೇಮಲತಾ ಎಂಬುವವರು ಒಬ್ಬರೇ ಬಂದರು. ಗೋಡೆ ತಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಖಾತಾ ಯಾವುದು, ತೆರಿಗೆ ಕಟ್ಟಿದೆಯಾ ಎಂದು ಕೇಳಿದರು. ಒಂದೊಂದು ಕೋಣೆಯ ಫೋಟೊ ತೆಗೆದರು. "ಗಾಳಿ ಬೆಳಕು ಚೆನ್ನಾಗಿದೆ" ಎಂದೂ ಹೇಳಿದರು. ರಾಮಪ್ರಸಾದರಿಗೆ ಅಷ್ಟೇ ಸಾಕಾಯಿತು. ನಿಜವಾಗಿ ಕೊಳ್ಳುವವರು ಮನೆಯನ್ನು ಹೊಗಳುತ್ತಾರೆಯೇ?

"ಫೋಟೊ ಯಾರಿಗೆ ಕಳಿಸೋಕೆ ಮೇಡಂ?"

"ಮನೇಲಿ ತೋರಿಸ್ಬೇಕು."

"ನೀವು ಎಷ್ಟು ಮನೆಗೆ ತೋರಿಸ್ತೀರಿ ಅಂತ ನಂಗೊತ್ತು. ಬೋರ್ಡ್ ಓದೋಕೆ ಬರಲ್ವಾ? ದಯವಿಟ್ಟು ಹೊರಡಿ."

ಹೇಮಲತಾ ಅವರ ಮುಖ ಸಣ್ಣಗಾಯಿತು. ಚಪ್ಪಲಿ ಮೆಟ್ಟಿ ಇಳಿದುಹೋದರು.

ಮಧ್ಯಾಹ್ನ ಕಳೆಯಿತು. ಮತ್ತೆ ಯಾರೂ ಬರಲಿಲ್ಲ. ಭಾನುಮತಿ ಮಂಡಿಗೆ ಎಣ್ಣೆ ಹಚ್ಚುತ್ತ, "ಬಂದೋರನ್ನೆಲ್ಲ ಓಡಿಸಿದ್ರೆ ಮನೇನ ಗೋಡೆಗೆ ಮಾರ್ತೀರಾ? ನಾನಿನ್ನು ಈ ಬುಟ್ಟಿ ಹಿಡ್ಕೊಂಡೇ ಸಾಯ್ಬೇಕು" ಎಂದು ಕಣ್ಣೊರೆಸಿಕೊಂಡರು. ರಾಮಪ್ರಸಾದರು ಕುರ್ಚಿಯಿಂದ ಎದ್ದರು. ಬಿಗುಮಾನ ಬಿಟ್ಟು ಟೀಪಾಯಿ ಮೇಲಿನ ಕಾರ್ಡ್ ತೆಗೆದುಕೊಂಡು ಫೋನ್ ಮಾಡಿ, ಹತ್ತಿರದಲ್ಲಿ ಕೆಳಗಿನ ಮನೆ ಇದೆಯೇ ಎಂದು ಕೇಳಿದರು.

ರುದ್ರೇಶನ ದನಿಯಲ್ಲಿ ಬೆಳಗಿನ ಕಹಿಯೇ ಇರಲಿಲ್ಲ. "ಕೆಳಗಿನ ಮನೇನಾ? ಸಕ್ಕತ್ ಟೈಮಿಗೆ ಕೇಳಿದ್ರಿ ಸಾರ್. ಒಂದು ಮಾರಾಟಕ್ಕೆ ಬಂದಿದೆ ಅಂತ ಈಗಷ್ಟೇ ಸುದ್ದಿ ಬಂತು. ಮೇಡಮ್ಮೋರನ್ನೂ ಕರ್ಕೊಂಡು ಇಳೀರಿ, ನಾನು ಗೇಟ್ ಹತ್ರ ಬರ್ತೀನಿ."

"ಎಲ್ಲಿದೆಯಪ್ಪಾ ಮನೆ?"

"ಅದನ್ನ ಮೊದ್ಲೇ ಹೇಳಿದ್ರೆ ನೀವು ನನ್ನ ಬಿಟ್ಟು ಡೈರೆಕ್ಟ್ ಹೋಗ್ಬಿಡ್ತೀರ ಸಾರ್. ತುಂಬ ಹತ್ರ."

ಭಾನುಮತಿ ಒಳ್ಳೆಯ ಸೀರೆ ಉಟ್ಟರು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ದೇವರನ್ನು ಕರೆಯುತ್ತ ಇಳಿದರು. ಆದರೂ ಮುಖದಲ್ಲಿ ನಗು ಇತ್ತು. ಗೇಟಿನ ಹತ್ತಿರ ಕಾದಿದ್ದ ರುದ್ರೇಶ್ ಅವರನ್ನು ರಸ್ತೆಗೆ ಕರೆದೊಯ್ಯಲಿಲ್ಲ. ಹಿಂದಕ್ಕೆ ತಿರುಗಿಸಿ, ನೇರವಾಗಿ ಚನಬಸಪ್ಪನವರ ಬಾಗಿಲ ಮುಂದೆ ನಿಲ್ಲಿಸಿದ.

ಬಾಗಿಲು ತೆರೆದೇ ಇತ್ತು. ಒಳಗೆ ಹೇಮಲತಾ, ಅವರ ಪಕ್ಕದಲ್ಲಿ ವಯಸ್ಸಾದ ತಾಯಿ. ನಡುವೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮೈಸೂರುಪಾಕು.

ಚನಬಸಪ್ಪನವರು ಸಂಕೋಚದಿಂದಲೇ ಎದ್ದು ನಿಂತರು. "ಬನ್ನಿ ಬನ್ನಿ. ನಾವು ದಾವಣಗೆರೆಗೆ ಮಗಳ ಹತ್ರ ಹೋಗೋದು ಅಂತ ಆಯ್ತು. ಅಲ್ಲಿಗೆ ಹೋದ್ರೂ ಇಲ್ಲೊಂದು ಮನೆ ಇರ್ಲಿ, ಬಾಡಿಗೆಗೆ ಕೊಡೋಕೆ ನಿಮ್ಮ ಮೇಲಿನದಾದ್ರೂ ಸೈ, ನಮ್ಮನೇನ ಭಾನುಮತಮ್ಮೋರಿಗೆ ಕೊಡೋಣ ಅಂತ ಬೆಳಗ್ಗೆ ಬಂದಿದ್ದೆ. ನೀವು ಬ್ರೋಕರ್ ಅಂದ್ಬಿಟ್ರಿ. ಬೇಜಾರಾಗಿ ಮೆಟ್ಟಿಲ ಮೇಲೆ ಕೂತಿದ್ದಾಗ ಈ ಮೇಡಂ ಕೂಡ ಅದೇ ಬೇಜಾರಲ್ಲಿ ಇಳ್ದು ಬಂದ್ರು. ಮಾತಿಗೆ ಮಾತು ಬೆಳೀತು. ಇಲ್ಲಿ ಮನೇನೇ ಬೇಡ ಅಂತ ಇವ್ರಿಗೆ ಪೂರ್ತಿ ಮಾರೇಬಿಟ್ಟೆ. ಮುಂಗಡಾನೂ ಆಯ್ತು."

ರಾಮಪ್ರಸಾದರು ಹೇಮಲತಾ ಕಡೆ ತಿರುಗಿದರು. "ಮೇಡಂ, ಮೇಲಿನದು ಗಾಳಿ ಬೆಳಕು ಚೆನ್ನಾಗಿದೆ ಅಂದಿದ್ರಿ. ಅದಲು ಬದಲು ಮಾಡ್ಕೊಳ್ಳೋಣ್ವಾ?"

"ಮೇಲಿನದೇ ಇಷ್ಟ ಆಗಿತ್ತು ಸಾರ್. ಅಮ್ಮನ್ನ ಒಪ್ಪಿಸೋಕೆ ಅಂತಲೇ ಫೋಟೊ ತೆಗೆದಿದ್ದು. ಈಗ ಅಮ್ಮ ಈ ಮನೆ ನೋಡ್ಬಿಟ್ರಲ್ಲ, ಇನ್ನು ಮೇಲಕ್ಕೆ ಬರಲ್ಲ. ಅವರಿಗೂ ಮಂಡಿ ನೋವು."

ರುದ್ರೇಶ್ ಹಣೆಗೆ ಕೈಯಿಟ್ಟುಕೊಂಡು ಚನಬಸಪ್ಪನವರನ್ನು ನೋಡಿದ. "ನನಗೊಂದು ಮಾತು ಹೇಳೋದಲ್ವಾ ಸಾರ್?"

"ಗೇಟಲ್ಲೇ ಬರ್ದಿತ್ತಲ್ಲಪ್ಪಾ, ಬ್ರೋಕರ್ ಬೇಡ ಅಂತ."

ದಂಪತಿ ಒಂದೊಂದು ಚೂರು ಮೈಸೂರುಪಾಕು ತಿಂದು ಹೊರಬಂದರು. ಇಳಿದಿದ್ದಕ್ಕಿಂತ ಹತ್ತುವುದು ಕಷ್ಟ. ಮೊದಲ ಮಹಡಿಗೆ ಬರುವಷ್ಟರಲ್ಲಿ ಭಾನುಮತಿ ಒಳ್ಳೆಯ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅವ್ರು ಕಾಫಿ ಕುಡೀದೆ ಯಾಕೆ ಹೋದ್ರು ಅಂತ ಬೆಳಗ್ಗೇನೇ ಕೇಳಿದ್ದೆ ನಿಮ್ಮನ್ನ" ಎಂದರು.

ರಾಮಪ್ರಸಾದರು ಪಕ್ಕದಲ್ಲಿ ಕೂತು ಹೆಂಡತಿಯ ಮಂಡಿ ಒತ್ತತೊಡಗಿದರು. ಕೆಳಗಿನಿಂದ ರುದ್ರೇಶನ ದನಿ ಕೇಳಿಸಿತು.

"ಸಾರ್, ಬೋರ್ಡ್ ಬಿಚ್ಚಿಬಿಡ್ತೀನಿ. ನಾಳೆ ಒಂದು ಪಾರ್ಟಿ ಕರ್ಕೊಂಡು ಬರ್ಲಾ? ನಿಜವಾದ ಪಾರ್ಟಿ."

"ಬಾರಪ್ಪಾ" ಎಂದರು ರಾಮಪ್ರಸಾದರು. "ನಿನ್ನ ತಾಯಿನ ಮಾತ್ರ ಬಿಟ್ಟು ಬಾ."