೪೧೭ನೇ ನಂಬರಿನ ಉಂಗುರ

ರಾಯಚೂರಿನ ಮೋಟಾರು ದುರಸ್ತಿ ಕಾರ್ಖಾನೆಯ ಮುಖ್ಯ ಪರೀಕ್ಷಕರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ಕ್ಷೇಮವನ್ನೂ, ತಮ್ಮ ಮೇಜಿನ ಕ್ಷೇಮವನ್ನೂ, ಆ ಮೇಜಿನ ಮೇಲೆ ಸದಾ ಒದ್ದೆಯಾಗಿರುವ ಮೂರು ಮೊಹರುಗಳ ಕ್ಷೇಮವನ್ನೂ ಹಾರೈಸುತ್ತ, ಹೇಳದೆ ಬಿಟ್ಟುಬಿಡೋಣವೆಂದು ಎರಡು ಸಲ ಕಾಗದ ಹರಿದು ಹಾಕಿದ ಒಂದು ಮಾತನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನನ್ನ ಜೀಪಿನ ಡ್ರೈವರ್ ಜಿಲಾನಿ ಪಾಷಾ ಗೇರ್ ಎಣ್ಣೆ ಕದ್ದಿದ್ದಾನೆಂದು ತಾವು ಬರೆದ ವರದಿಯ ಕೆಳಗೆ 'ಸರಿಯಾಗಿದೆ' ಎಂದು ಸಹಿ ಮಾಡಿದವಳು ನಾನು. ಆದ್ದರಿಂದ ಈ ಪತ್ರದಲ್ಲಿ ತಮಗೆ ಸಲ್ಲುವ ಹೊಗಳಿಕೆಯಲ್ಲಿ ಒಂದು ಪಾಲು ನನಗೂ ಸಲ್ಲಬೇಕು.

ತಾವು ಬಲ್ಲಂತೆ, ಹೆಣ್ಣುಮಕ್ಕಳ ಶಾಲೆಗಳ ತನಿಖೆಗೆಂದು ನನಗೆ ಕೊಟ್ಟಿರುವುದು ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಒಂದು ಜೀಪು. ಅದರ ಹೊಟ್ಟೆಯಡಿ ಎರಡು ಪೆಟ್ಟಿಗೆಗಳು ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿವೆ. ಮುಂದಿನದು ಗೇರ್ ಪೆಟ್ಟಿಗೆ, ಹಿಂದಿನದು ನಾಲ್ಕೂ ಗಾಲಿಗಳಿಗೆ ಬಲ ಹಂಚುವ ಪೆಟ್ಟಿಗೆ. ಎರಡಕ್ಕೂ ಅದರದರ ಎಣ್ಣೆ; ಒಂದರ ಎಣ್ಣೆ ಇನ್ನೊಂದಕ್ಕೆ ಹೋಗದಂತೆ ನಡುವೆ ಚರ್ಮದ ತುಟಿಯಿರುವ, ಬಳೆಯಷ್ಟು ಅಗಲದ ಒಂದು ಉಂಗುರ. ಈ ಉಂಗುರವನ್ನು ಮೇ ತಿಂಗಳಲ್ಲಿ ತಮ್ಮ ಕಾರ್ಖಾನೆಯಲ್ಲೇ ಹೊಸದಾಗಿ ಕೂಡಿಸಿದಿರಿ. ಅಂದಿನಿಂದ ದೇವದುರ್ಗದ ಏರಿನಲ್ಲಿ ಜೀಪು ನರಳತೊಡಗಿತು. ಜಿಲಾನಿ ಪಾಷಾ ನನ್ನ ಮುಂದೆ ಕೈಕಟ್ಟಿ ನಿಂತು ಹೇಳಿದ: "ಅಮ್ಮಾ, ಗೇರ್ ಪೆಟ್ಟಿಗಿ ಒಣಗಾಕತ್ತದ್ರೀ. ಮೂರು ಸಲ ಎಣ್ಣಿ ತುಂಬೀನಿ, ನೆಲಕ್ಕ ಒಂದು ಹನಿ ಬೀಳವಲ್ದು. ನನ್ನ ಬುದ್ಧಿಗೇ ಹತ್ತವಲ್ದು."

ತಮ್ಮ ಬುದ್ಧಿಗೆ ಮಾತ್ರ ಕೂಡಲೇ ಹತ್ತಿತು. ತಾವು ಜೀಪಿನ ಕೆಳಗೆ ಒಂದು ವೃತ್ತಪತ್ರಿಕೆ ಹಾಸಿಸಿದಿರಿ, ಬೆಳಗಿನಿಂದ ಸಂಜೆಯವರೆಗೆ ಎಂಜಿನ್ ಚಾಲೂ ಮಾಡದೆ ಅದನ್ನು ಹಾಗೆಯೇ ನಿಲ್ಲಿಸಿದಿರಿ, ಸಂಜೆ ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಬರೆದಿರಿ. ಹನಿ ಇಲ್ಲ, ಆದ್ದರಿಂದ ಸೋರಿಕೆ ಇಲ್ಲ. ಸೋರಿಕೆಯೂ ಇಲ್ಲ, ಎಣ್ಣೆಯೂ ಇಲ್ಲ, ಆದ್ದರಿಂದ ಕಳವು. ಜೀಪನ್ನು ಮುಟ್ಟದೆಯೇ ಅದರ ರೋಗವನ್ನು ಡ್ರೈವರನ ಮೈಗೆ ವರ್ಗಾಯಿಸಿದ ಈ ಕೌಶಲವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರಕೇರಾದ ಶಾಲೆಯಲ್ಲಿ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಹೀಗೆ ಉತ್ತರ ಬರೆದಿದ್ದರೆ ಇನ್ನೊಮ್ಮೆ ನೋಡಿ ಬರೆ ಎನ್ನುತ್ತಿದ್ದೆ. ತಮಗೆ ಹಾಗೆನ್ನಲಿಲ್ಲ, ಸಹಿ ಮಾಡಿದೆ. ಏಕೆ ಮಾಡಿದೆನೆಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಕಳೆದ ವರ್ಷ ಪೊಲೀಸ್ ಕಾರ್ಯಾಚರಣೆ ನಡೆದಂದಿನಿಂದ ನಮ್ಮ ಊರಿನಲ್ಲಿ ಕೆಲವು ಹೆಸರುಗಳಿಗೆ ಅನುಮಾನ ಬಹಳ ಬೇಗ ಅಂಟುತ್ತಿದೆ. ನನ್ನ ಪೆನ್ನಿಗೂ ಅದೇ ಗಾಳಿ ತಗುಲಿತ್ತೋ ಏನೋ, ಇಲ್ಲವೆಂದು ಎದೆ ಮುಟ್ಟಿ ಹೇಳಲಾರೆ.

ಸೆಪ್ಟೆಂಬರ್ ಹನ್ನೆರಡರಂದು ಪಾಷಾನಿಂದ ಜೀಪಿನ ಬೀಗದ ಕೈ ಕಸಿದುಕೊಂಡಿರಿ. ಅವನ ಮನೆ ಶೋಧಿಸಲು ಹೋದ ತಮ್ಮವರು ಗೂಡಿನಲ್ಲಿದ್ದ ಹರಳೆಣ್ಣೆಯ ಶೀಸೆಯೊಂದನ್ನು ಸಾಕ್ಷಿಯೆಂದು ತಂದರು. ಅವನ ಹೆಂಡತಿ ಗುಲ್ಶನ್ ಬೇಗಂ ಬಾಗಿಲಲ್ಲಿ ನಿಂತು ಹೇಳಿದ್ದನ್ನು ತಮ್ಮವರು ಪಂಚನಾಮೆಯಲ್ಲಿ ಬರೆಯಲು ಮರೆತಿದ್ದಾರೆ, ನಾನು ಸೇರಿಸುತ್ತೇನೆ: "ಒಯ್ರಿ ಸಾಹೇಬ್ರ, ಒಯ್ದು ನಿಮ್ಮ ಜೀಪಿಗಿ ಹಾಕ್ರಿ. ಗೇರ್ ಬೀಳಲಿಲ್ಲಂದ್ರೂ ಜಡಿಯಾದ್ರೂ ಉದ್ದ ಬರ್ತದ."

ಪಾಷಾ ಮನೆಯಲ್ಲಿ ಕುಳಿತ. ತಮ್ಮ ಕಾರ್ಖಾನೆಯ ಕನಕಪ್ಪ ಬದಲಿ ಡ್ರೈವರನಾಗಿ ಬಂದ. ಎಣ್ಣೆ ಮೊದಲಿನಂತೆಯೇ ಮಾಯವಾಗುತ್ತ ಹೋಯಿತು. ಇಂಥ ಸಂಕಟದಲ್ಲಿ ಸಾಮಾನ್ಯರು ತಮ್ಮ ತೀರ್ಪನ್ನು ಅನುಮಾನಿಸುತ್ತಾರೆ. ತಾವು ಕಡತದಲ್ಲಿ 'ಹಳೆಯ ಡ್ರೈವರನ ಕೆಟ್ಟ ಪ್ರಭಾವ ವಾಹನದಲ್ಲಿ ಇನ್ನೂ ಉಳಿದಿದೆ' ಎಂದು ಬರೆದು ಮೂರು ಮೊಹರು ಒತ್ತಿದಿರಿ.

ನವೆಂಬರ್ ಒಂಬತ್ತರಂದು ನಾವು ಮಾನ್ವಿಯ ಶೇಂಗಾ ಎಣ್ಣೆ ಗಿರಣಿಯ ಮುಂದಿನ ಇಳಿಜಾರಿನಲ್ಲಿ ನಿಂತಿದ್ದೆವು. ನಿಂತಿದ್ದೆವು ಎಂಬುದು ನಮ್ಮ ಭಾವನೆ. ಕನಕಪ್ಪ ಕೈ ಬ್ರೇಕ್ ಎಳೆದು ನೀರು ಕುಡಿಯಲು ಇಳಿದಿದ್ದ. ಜೀಪು ನನ್ನನ್ನೂ ನಲವತ್ತು ಹುಡುಗಿಯರ ಉತ್ತರ ಪತ್ರಿಕೆಗಳನ್ನೂ ಹೊತ್ತುಕೊಂಡು ಸಾವಕಾಶವಾಗಿ ಹೊರಟು ಶೇಂಗಾ ಸಿಪ್ಪೆಯ ಗುಡ್ಡೆಯೊಳಗೆ ಹೊಕ್ಕಿತು. ಗಿರಣಿಯ ಎಂಜಿನ್ ನೋಡಿಕೊಳ್ಳುವ ಸುಂಕಪ್ಪ ಓಡಿ ಬಂದು, ನನ್ನ ತಲೆಯ ಮೇಲಿನ ಸಿಪ್ಪೆಯ ಬಗ್ಗೆ ಏನೂ ಹೇಳದೆ, ನೇರವಾಗಿ ಜೀಪಿನ ಕೆಳಗೆ ತೆವಳಿದ. ಕೈ ಬ್ರೇಕು ಹಿಂದಿನ ಪೆಟ್ಟಿಗೆಯ ಬಾಲಕ್ಕೇ ಅಂಟಿಕೊಂಡಿರುತ್ತದಂತೆ, ಅದು ಎಣ್ಣೆಯಲ್ಲಿ ತೊಯ್ದು ಹೋಗಿತ್ತು. ಸುಂಕಪ್ಪ ಆ ಪೆಟ್ಟಿಗೆಯ ಬಿರಡೆ ತೆಗೆದ. ಆರು ತಿಂಗಳಿಂದ ತಾವು ಹುಡುಕುತ್ತಿದ್ದ ಕಳವಿನ ಮಾಲು ಗಿರಣಿಯ ಡಬ್ಬಿಯೊಳಗೆ ಧಾರೆಯಾಗಿ ಸುರಿಯಿತು. ಕಳವಿನ ಕಥೆ ಕೇಳಿದ ಸುಂಕಪ್ಪ ಕೆಳಗಿನಿಂದಲೇ ಹೇಳಿದ: "ಯಾರು ಕದ್ದಾರಂತೀರಿ ಅಕ್ಕೋರ? ಎಣ್ಣಿ ಎಲ್ಲೂ ಹೋಗಿಲ್ಲ, ಮಗ್ಗಲ ಮನ್ಯಾಗ ಹೋಗಿ ಕುಂತದ. ಅಲ್ಲಿ ಜಾಗ ಸಾಲದಕ್ಕ ಈಗ ಹೊರಗ ಬಂದದ."

ಆ ದಿನವೆಲ್ಲ ಕುಳಿತು ಎರಡೂ ಪೆಟ್ಟಿಗೆಗಳನ್ನು ಬೇರ್ಪಡಿಸಿ ಅವನು ಉಂಗುರವನ್ನು ಹೊರತೆಗೆದ. ಹೊಸ ಉಂಗುರ, ಹರಿದಿಲ್ಲ, ಸವೆದಿಲ್ಲ. ಹಿಂದುಮುಂದಾಗಿ ಕೂಡಿಸಲಾಗಿದೆ, ಅಷ್ಟೆ. ಗೇರ್ ಪೆಟ್ಟಿಗೆಯ ಎಣ್ಣೆಯ ಕಡೆಗೆ ತುಟಿ ಇರಬೇಕಾದಲ್ಲಿ ಬೆನ್ನು ಇತ್ತು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ೪೧೭ ಎಂದು ಅಂದವಾಗಿ ಬರೆದಿತ್ತು. ಮೇ ತಿಂಗಳಲ್ಲಿ ಅದನ್ನು ಕೂಡಿಸುವಾಗ ಅಲ್ಲೇ ಇದ್ದ ಕನಕಪ್ಪ ತಲೆ ಕೆರೆದುಕೊಂಡ. "ಸಾಮಾನಿನ ನಂಬರ್ ಕಾಣಂಗ ಕೂಡಸ್ಬೇಕಂತ ಸಾಹೇಬ್ರ ಹುಕುಂ ಅದರೀ. ಸರೀ ಕೂಡಿಸಿದ್ರ ನಂಬರ್ ಮುಚ್ಚತಿತ್ತು. ಅದಕ್ಕ ಹಿಂಗ ಕೂಡಿಸಿದ್ವಿ."

"ಎರಡು ಪೆಟ್ಟಿಗಿ ನಡುವ ಯಾರಿಗಿ ಕಾಣಬೇಕಲೇ?" ಎಂದ ಸುಂಕಪ್ಪ. "ಎಣ್ಣಿಗಿ ಓದಾಕ ಬರ್ತದೇನು?"

ಮಾನ್ಯರೇ, ಓದಲು ಬರುತ್ತಿದ್ದವಳು ನಾನು. ಸೇನೆಯಿಂದ ಜೀಪಿನ ಜೊತೆಗೇ ಬಂದ, ಗಟ್ಟಿ ರಟ್ಟಿನ ಇಂಗ್ಲಿಷ್ ಪುಸ್ತಕವೊಂದು ವರ್ಷದಿಂದ ನನ್ನ ಬಳಿ ಇದೆ. ಗೇರ್ ಪೆಟ್ಟಿಗೆಯಲ್ಲಿ ಎಣ್ಣೆ ಇಳಿದು ಹೊರಗೆ ಹನಿ ಕಾಣದಿದ್ದರೆ ಹಿಂದಿನ ಪೆಟ್ಟಿಗೆಯ ಮಟ್ಟ ನೋಡಬೇಕು, ಉಂಗುರದ ತುಟಿ ಯಾವ ಕಡೆಗಿದೆ ಎಂದು ನೋಡಬೇಕು ಎಂದು ಅದರಲ್ಲಿ ಚಿತ್ರಸಮೇತ ಬರೆದಿದೆ. ಹನ್ನೊಂದು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಆ ಪುಸ್ತಕವನ್ನು ತೊಡೆಯ ಮೇಲಿಟ್ಟು, ಬರೆಯುವ ಹಲಗೆಯಾಗಿ ಬಳಸುತ್ತಿದ್ದೆ. ಪಾಷಾನನ್ನು ಕಳ್ಳನೆಂದ ತಮ್ಮ ವರದಿಗೆ ಸಹಿ ಮಾಡಿದ್ದೂ ಅದರ ಮೇಲೆ ಇಟ್ಟುಕೊಂಡೇ. ಉತ್ತರವು ಆ ಕಾಗದದ ಕೆಳಗೇ ಇತ್ತು.

ಸುಂಕಪ್ಪ ಅದೇ ಉಂಗುರವನ್ನು ತೊಳೆದು, ತಿರುಗಿಸಿ ಕೂಡಿಸಿದ್ದಾನೆ. ಆಮೇಲೆ ಹೊಳೆದಂಡೆಯ ಹಳ್ಳಿಯಾದ ಗೂಗಲ್‌ವರೆಗೆ ಎರಡು ಸಲ ಹೋಗಿ ಬಂದೆವು. ಎರಡೂ ಪೆಟ್ಟಿಗೆಗಳ ಎಣ್ಣೆ ತಮ್ಮ ತಮ್ಮ ಮನೆಯಲ್ಲೇ ಇದೆ. ಇದರಿಂದ ೪೧೭ ಎಂಬ ಅಂಕಿ ಇನ್ನು ಮುಂದೆ ಎಣ್ಣೆಗೂ ಕಾಣಿಸುವುದಿಲ್ಲ. ತಮ್ಮ ಹುಕುಮನ್ನು ಮುರಿದುದಕ್ಕೆ ಕ್ಷಮೆ ಕೋರುತ್ತೇನೆ. ಇದು ಅಸಹ್ಯವೆನಿಸಿದರೆ, ತಾವೇ ದಯಮಾಡಿ ಆ ಪೆಟ್ಟಿಗೆಯೊಳಗೆ ಇಳಿದು, ಉಂಗುರದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ತುಂಗಭದ್ರೆಯ ಸೇತುವೆಯ ಸುಂಕದ ಕಟ್ಟೆಯಲ್ಲಿ ಮಾಡುವಂತೆ ದಾಟಿ ಬರುವ ಪ್ರತಿ ಹನಿಯ ಹೆಸರು, ತಂದೆಯ ಹೆಸರು, ಊರು ಕೇಳಿ ಮೊಹರು ಒತ್ತಬಹುದು. ಮೂರು ಮೊಹರುಗಳಿಗೂ ಅಲ್ಲಿ ಕೆಲಸವಿದೆ.

ಇಷ್ಟು ಕಷ್ಟ ಬೇಡವೆನಿಸಿದರೆ ಒಂದು ಸಣ್ಣ ವಿನಂತಿ. ಪಾಷಾನನ್ನು ಕೆಲಸದಿಂದ ತೆಗೆಯುವ ವಿಚಾರಣೆ ಡಿಸೆಂಬರ್ ಐದರ ಸೋಮವಾರ ತಮ್ಮ ಕಚೇರಿಯಲ್ಲಿದೆ. ನನ್ನ ಸಹಿಯನ್ನು ನಾನು ಈ ಪತ್ರದಿಂದ ಹಿಂದಕ್ಕೆ ಪಡೆದಿದ್ದೇನೆ. ತಾವು ತಮ್ಮದನ್ನು ಪಡೆದು, ಬೀಗದ ಕೈಯನ್ನು ಅವನ ಕೈಯಲ್ಲಿಡಬೇಕು. ಹರಳೆಣ್ಣೆಯ ಶೀಸೆಯನ್ನು ಗುಲ್ಶನ್ ಬೇಗಂ ಅವರಿಗೆ ತಾವೇ ಹೋಗಿ ಒಪ್ಪಿಸಬೇಕು. ಅವರು ಏನಾದರೂ ಹೇಳಿದರೆ ಈ ಸಲ ಪೂರ್ತಿ ಬರೆದುಕೊಳ್ಳಬೇಕು.

ತಮ್ಮ ವಿಶ್ವಾಸಿ, ಮತ್ತು ಸೆಪ್ಟೆಂಬರಿನಲ್ಲಿ ತಮ್ಮನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದವಳು,
ಮಹಾಂತಮ್ಮ
ಹೆಣ್ಣುಮಕ್ಕಳ ಶಾಲೆಗಳ ತನಿಖಾಧಿಕಾರಿ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಯೊಂದಕ್ಕೂ ಕಳಿಸುತ್ತಿದ್ದೇನೆ. ಅಚ್ಚಾದ ಸಂಚಿಕೆಯನ್ನು ಮುಂದಿನ ಜೀಪಿನ ಕೆಳಗೆ ಹಾಸುವ ಮೊದಲು ದಯವಿಟ್ಟು ಒಮ್ಮೆ ಓದಬೇಕು. ವಿಚಾರಣೆ ಮುಗಿದ ಮೇಲೆ ಅಂಚೆಗೆ ಹಾಕಿದರೆ ನನ್ನ ಕೆಲಸಕ್ಕೆ ಕ್ಷೇಮವೆಂದು ಹಿತೈಷಿಗಳು ಹೇಳಿದರು, ಒಂದು ವಾರ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆಗ ಜಿಲಾನಿ ಪಾಷಾನಿಗೆ ಇದರಿಂದ ಏನೂ ಆಗುವುದಿಲ್ಲ. ಆದ್ದರಿಂದ ಅಂಚೆಗೆ ಹಾಕುವ ದಿನ: ೧೯೪೯ರ ಡಿಸೆಂಬರ್ ೧, ಗುರುವಾರ.